ಮಾರ್ಥಾಸ್ ವಿನ್ಯಾರ್ಡ್ ನೋಡಲು ಹೊರಡುವ ಕನ್ನಡ ಬಂಧುಗಳಿಗೆ ಒಂದು ಬಹಿರಂಗ ಪತ್ರ

ನ್ಯೂ ಇಂಗ್ಲೆಂಡಿನ ಕನ್ನಡ ಬಂಧುಗಳೇ, ಬೇಸಿಗೆ ಬಂತೆಂದರೆ ಬಸ್ಸು ಗೊತ್ತು ಮಾಡಿ ಪ್ರವಾಸ ಹೊರಡಿಸುವ ನಮ್ಮ ಸಂಘಗಳ ಪದಾಧಿಕಾರಿಗಳೇ, ಊರಿಂದ ಬಂದ ಅಪ್ಪ-ಅಮ್ಮನಿಗೆ ದ್ವೀಪ ತೋರಿಸಲು ಕಾರು ತೆಗೆಯುವ ಗೆಳೆಯರೇ,

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯ ಮಾರ್ಥಾಸ್ ವಿನ್ಯಾರ್ಡ್ ದ್ವೀಪದಲ್ಲಿ ಓಕ್ ಬ್ಲಫ್ಸ್ ಅನ್ನೋ ಊರಿದೆಯಲ್ಲ, ಅದರ ನಡುವೆ ಕ್ರೈಸ್ತ ಭಕ್ತರು ಪ್ರಾರ್ಥನಾ ಕೂಟಕ್ಕೆಂದು ಮಾಡಿಕೊಂಡ ಕ್ಯಾಂಪ್‌ಗ್ರೌಂಡ್ ಬಗ್ಗೆ ಈ ಪತ್ರ. ನಿಮ್ಮಲ್ಲಿ ಬಹಳ ಜನ ಅದನ್ನು ನೋಡಿದ್ದೀರಿ. ಗುಲಾಬಿ, ನೀಲಿ, ಹಳದಿ ಬಣ್ಣದ ಪುಟ್ಟ ಮನೆಗಳು. ಸೂರಿನ ಅಂಚಿಗೆ ಕುಸುರಿ ಕೊರೆದ ಮರದ ಪಟ್ಟಿ. ಮುಂದೊಂದು ಜಗಲಿ, ಜಗಲಿಯ ಮೇಲೆ ತೂಗುವ ಕುರ್ಚಿ. ಜಿಂಜರ್‌ಬ್ರೆಡ್ ಮನೆಗಳು ಅಂತ ಎಲ್ಲರೂ ಕರೆಯುತ್ತಾರೆ. ನಮ್ಮವರ ಫೋನುಗಳಲ್ಲಿ ಅವುಗಳ ಫೋಟೋ ಬೇಕಾದಷ್ಟಿವೆ. ಆ ಜಾಗ ಏನು, ಹೇಗೆ ಹುಟ್ಟಿತು, ಯಾರನ್ನು ಒಳಗೆ ಬಿಟ್ಟುಕೊಂಡಿತು, ಯಾರನ್ನು ಹೊರಗಿಟ್ಟಿತು ಎಂಬುದು ಮಾತ್ರ ನಮ್ಮ ಯಾವ ಪ್ರವಾಸದಲ್ಲೂ ಬಾಯಿಗೆ ಬರುವುದಿಲ್ಲ. ನನ್ನ ದೂರು ಇರುವುದು ಅಲ್ಲೇ.

ಯಾವ ಸಂಘ, ಯಾವ ಬಸ್ಸು ಎಂದು ಹೇಳುವುದಿಲ್ಲ. ಹೆಸರು ಹೇಳಿ ಯಾರನ್ನೂ ಮುಜುಗರಕ್ಕೆ ಸಿಕ್ಕಿಸುವುದು ನನಗೆ ಬೇಕಿಲ್ಲ. ಹೋದ ಆಗಸ್ಟಿನಲ್ಲಿ ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ. ಒಂದು ಗುಂಪು ಬಂತು. ಕನ್ನಡ ಕಿವಿಗೆ ಬಿದ್ದಾಗ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಎರಡು ನಿಮಿಷ ಕಳೆಯುವುದರೊಳಗೆ ಮೂವರು ಒಂದು ಮನೆಯ ಜಗಲಿ ಹತ್ತಿದರು. ಒಬ್ಬರು ತೂಗುವ ಕುರ್ಚಿಯಲ್ಲಿ ಕೂತರು, ಇನ್ನೊಬ್ಬರು ಬಾಗಿಲ ಗಾಜಿಗೆ ಮುಖ ಒತ್ತಿ ಒಳಗೆ ನೋಡಿದರು. ಒಳಗಿಂದ ಎಂಬತ್ತು ದಾಟಿರಬಹುದಾದ ಒಬ್ಬ ಅಜ್ಜಿ ಕೈಯಲ್ಲಿ ಚಹಾದ ಬಟ್ಟಲು ಹಿಡಿದು ಬಂದು ನಿಂತರು. ಅವರು ಏನೂ ಅನ್ನಲಿಲ್ಲ. ನಮ್ಮವರಲ್ಲೇ ಒಬ್ಬರು, 'ಅಯ್ಯೋ, ಇಲ್ಲಿ ಜನ ಇದ್ದಾರೆ ಕಣ್ರೀ' ಅಂದರು. ಕುರ್ಚಿಯಲ್ಲಿದ್ದವರು, 'ಒಂದೇ ಒಂದು ಫೋಟೋ ಅಲ್ವಾ, ಸುಮ್ನೆ ಇರ್ರಿ' ಅಂದರು. ಫೋಟೋ ತೆಗೆದೇ ಇಳಿದರು.

ಅಲ್ಲಿಂದ ಅದೇ ಗುಂಪು ನಡುವಿನ ದೊಡ್ಡ ಪ್ರಾರ್ಥನಾ ಮಂಟಪ, ಟ್ಯಾಬರ್‌ನೇಕಲ್ ಒಳಗೆ ಹೋಯಿತು. ಅಲ್ಲಿ ಏಳೆಂಟು ಜನ ಭಜನೆ ಅಭ್ಯಾಸ ಮಾಡುತ್ತಿದ್ದರು. ಹಿಂದಿನ ಬೆಂಚಿನ ಹತ್ತಿರ ಫೋನಿನಲ್ಲಿ ಸಿನಿಮಾ ಹಾಡು ಹಾಕಿ ರೀಲ್ ಶುರುವಾಯಿತು. ನಮ್ಮ ಮನೆ ಜಗಲಿಗೆ ಯಾರೋ ಗುರುತಿಲ್ಲದವರು ಹತ್ತಿ, ಕಿಟಕಿಯಲ್ಲಿ ಇಣುಕಿ, ದೇವರ ಮನೆ ಮುಂದೆ ಕುಣಿದರೆ ನಾವು ಚಹಾದ ಬಟ್ಟಲು ಹಿಡಿದು ಸುಮ್ಮನೆ ನಿಲ್ಲುತ್ತಿದ್ದೆವಾ?

ಬೈದು ಪತ್ರ ಮುಗಿಸಬಹುದಿತ್ತು. ಆದರೆ ಆ ಜನ ಕೆಟ್ಟವರಲ್ಲ. ಅವರ ಕೈಯಲ್ಲಿದ್ದ ಪ್ರವಾಸದ ಪಟ್ಟಿಯನ್ನು ನಾನು ಇಸಿದುಕೊಂಡು ಓದಿದೆ. ಅದರಲ್ಲಿ ಇದ್ದದ್ದು ಇಷ್ಟೇ: 'ಓಕ್ ಬ್ಲಫ್ಸ್, ಜಿಂಜರ್‌ಬ್ರೆಡ್ ಮನೆಗಳು, ಐಸ್‌ಕ್ರೀಂ, 45 ನಿಮಿಷ.' ಹೀಗೆ ಹೇಳಿ ಕಳಿಸಿದರೆ ಅದು ಸಿನಿಮಾ ಸೆಟ್ ಅಂತ ಅಂದುಕೊಳ್ಳದೆ ಇನ್ನೇನು ಮಾಡುತ್ತಾರೆ? ತಪ್ಪು ಪಟ್ಟಿ ಬರೆದವರದು ಜಾಸ್ತಿ. ಅದಕ್ಕೇ ಆ ಪಟ್ಟಿಯಲ್ಲಿ ಇರಬೇಕಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶುರುವಾದದ್ದು 1835ರ ಆಗಸ್ಟಿನಲ್ಲಿ. ಎಡ್ಗರ್‌ಟೌನ್ ಆಗ ಇದೇ ದ್ವೀಪದಲ್ಲಿ ತಿಮಿಂಗಿಲ ಬೇಟೆಯ ಹಡಗುಗಳ ಬಂದರು. ಅಲ್ಲಿನ ಜೆರೆಮಾಯಾ ಪೀಸ್ ಎಂಬ, ಮೆಥೋಡಿಸ್ಟ್ ಅನ್ನುವ ಪ್ರೊಟೆಸ್ಟಂಟ್ ಕ್ರೈಸ್ತ ಪಂಥದ ಭಕ್ತರು ಒಂದಷ್ಟು ಜನರನ್ನು ಕಟ್ಟಿಕೊಂಡು ದ್ವೀಪದ ಉತ್ತರದ ಕಡೆ ಒಂದು ಓಕ್ ತೋಪು ಹುಡುಕಿದರು. ಪೀಸ್ ಜಮೀನು ಅಳೆಯುವ ಕೆಲಸವನ್ನೂ ಮಾಡಿದ್ದರು, ದೀಪಸ್ತಂಭವನ್ನೂ ನೋಡಿಕೊಂಡಿದ್ದರು. ಜಾಗ ಆರಿಸುವುದು ಅವರಿಗೆ ಗೊತ್ತಿತ್ತು. ಒಂದು ಕಡೆ ಕೆರೆ, ಇನ್ನೊಂದು ಕಡೆ ಸ್ವಲ್ಪ ದೂರದಲ್ಲೇ ಸಮುದ್ರ, ತಲೆಯ ಮೇಲೆ ನೆರಳು. ಪೊದೆ ಕಡಿದು ನೆಲ ಹಸನು ಮಾಡಿದರು. ಒರಟು ಹಲಗೆ, ದಡಕ್ಕೆ ತೇಲಿ ಬಂದ ಮರ ಸೇರಿಸಿ ಬೋಧಕರಿಗೊಂದು ಚಪ್ಪರ ಹಾಕಿದರು. ಅದರ ಸುತ್ತ ಒಂಬತ್ತು ಡೇರೆ. ಅಷ್ಟೇ. ಕೆಲವು ದಿನ ಪ್ರಾರ್ಥನೆ, ಬೋಧನೆ, ಹಾಡು, ಅಳು, ಸಾಕ್ಷಿ. ಆಮೇಲೆ ಡೇರೆ ಬಿಚ್ಚಿ ಮನೆಗೆ.

ಈ ಕ್ರಮ ಅವರು ಹೊಸದಾಗಿ ಕಂಡುಹಿಡಿದದ್ದೇನಲ್ಲ. ಕ್ಯಾಂಪ್ ಮೀಟಿಂಗ್ ಎಂಬ ಈ ಬಯಲು ಕೂಟಗಳು 1800ರ ಸುಮಾರಿಗೇ ಕೆಂಟಕಿ ಕಡೆ ಹಬ್ಬಿದ್ದವು. 1801ರಲ್ಲಿ ಕೇನ್ ರಿಡ್ಜ್ ಎಂಬಲ್ಲಿ ಸಾವಿರಾರು ಜನ ಸೇರಿದ್ದು ಹೆಸರಾಗಿದೆ. ಚರ್ಚು ಹತ್ತಿರ ಇಲ್ಲದ ಹಳ್ಳಿಗಾಡಿನ ಜನ ಬಂಡಿ ಕಟ್ಟಿಕೊಂಡು ಬರುತ್ತಿದ್ದರು, ಅಲ್ಲೇ ಬೇಯಿಸಿ ಉಂಡು ಮಲಗುತ್ತಿದ್ದರು. ಮೆಥೋಡಿಸ್ಟರು ಅದನ್ನು ತಮ್ಮದೇ ಮಾಡಿಕೊಂಡರು.

ಇಲ್ಲೊಂದು ಮಾತು. ನಾನು ಬೀದರ್ ಕಡೆಯವಳು. ಆ ಕಡೆಯವರಿಗೆ ಧಾರೂರ್ ಜಾತ್ರೆ ಗೊತ್ತಿರುತ್ತದೆ. ತೆಲಂಗಾಣದ ವಿಕಾರಾಬಾದ್ ಹತ್ತಿರ ಕಾಡಂಚಿನಲ್ಲಿ ನವೆಂಬರಿನಲ್ಲಿ ಮೆಥೋಡಿಸ್ಟ್ ಚರ್ಚಿನವರು ನಡೆಸುವ ಜಾತ್ರೆ ಅದು. ಅದಕ್ಕೆ ನೂರು ವರ್ಷ ದಾಟಿದೆ. ಬೀದರ್, ಕಲಬುರಗಿಯಿಂದಲೂ ಕುಟುಂಬ ಸಮೇತ ಹೋಗುತ್ತಾರೆ. ಮರದ ಕೆಳಗೆ ಡೇರೆ ಹಾಕಿ, ಮೂರು ಕಲ್ಲಿಟ್ಟು ಒಲೆ ಹೂಡಿ, ಹಗಲು ರಾತ್ರಿ ಹಾಡು, ಪ್ರಾರ್ಥನೆ. ಓಕ್ ಬ್ಲಫ್ಸಿನಲ್ಲಿ ಡೇರೆ ಹಾಕಿದವರದೂ ಅದೇ ಚರ್ಚು, ಅದೇ ಪದ್ಧತಿ. ಅಮೆರಿಕದಲ್ಲಿ ಇಂಥ ಕೂಟಗಳಲ್ಲಿ ಬೋಧಿಸಿ ಪಳಗಿದ್ದ ವಿಲಿಯಂ ಟೇಲರ್ 1870ರಲ್ಲಿ ಇಂಡಿಯಾಕ್ಕೆ ಬಂದರು. ಬೆಂಗಳೂರಿನ ಮೆಥೋಡಿಸ್ಟ್ ಸಭೆ ಅದೇ ದಶಕದಲ್ಲಿ ಅವರ ಕೆಲಸದಿಂದ ಹುಟ್ಟಿತು. 1880ರಲ್ಲಿ ಶುರುವಾದ ಬಾಲ್ಡ್‌ವಿನ್ ಶಾಲೆಗಳೂ ಅದೇ ಚರ್ಚಿನವು. ನಮ್ಮ ಬಸ್ಸಿನಲ್ಲಿ ಬಾಲ್ಡ್‌ವಿನ್‌ನಲ್ಲಿ ಓದಿದವರು ಒಬ್ಬರಾದರೂ ಇರುತ್ತಾರೆ, ಪಂತ ಬೇಕಾದರೆ ಕಟ್ಟಿ. ಅಂಥವರು ಐಸ್‌ಕ್ರೀಂ ತಿಂದು ಹೊರಟುಬಿಡುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಮತ್ತೆ ದ್ವೀಪಕ್ಕೆ ಬರೋಣ. 1840ರಲ್ಲಿ ಆ ತೋಪಿಗೆ ವೆಸ್ಲಿಯನ್ ಗ್ರೋವ್ ಎಂದು ಹೆಸರಿಟ್ಟರು. ಮೆಥೋಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿಯ ಹೆಸರು. ಮೊದಮೊದಲು ಇದ್ದದ್ದು ಸಂಘದ ಡೇರೆಗಳು. ಒಂದೊಂದು ಊರಿನ ಚರ್ಚಿಗೆ ಒಂದೊಂದು ದೊಡ್ಡ ಡೇರೆ. ನೆಲಕ್ಕೆ ಹುಲ್ಲು ಹಾಸು. ನಡುವೆ ಒಂದು ಪರದೆ, ಆಚೆ ಹೆಂಗಸರು, ಈಚೆ ಗಂಡಸರು. ಬರಬರುತ್ತಾ ಜನ ತಮ್ಮ ಸಂಸಾರಕ್ಕೇ ಬೇರೆ ಡೇರೆ ತಂದರು. ಆಮೇಲೆ ಡೇರೆಯ ಕೆಳಗೆ ಹಲಗೆ ಹಾಸಿದರು. ಆಮೇಲೆ ಪಕ್ಕಕ್ಕೂ ಹಲಗೆ. 1850ರ ದಶಕ ಮುಗಿಯುವ ಹೊತ್ತಿಗೆ ಭಾನುವಾರ ಹತ್ತು ಸಾವಿರ ಮೀರಿ ಜನ ಸೇರುತ್ತಿದ್ದರು ಎಂದು ಆ ಕಾಲದವರು ಬರೆದಿಟ್ಟಿದ್ದಾರೆ. 1859ರಿಂದ ಮರದ ಮನೆಗಳು ಏಳತೊಡಗಿದವು. ಮುಂದಿನ ಇಪ್ಪತ್ತು ವರ್ಷದಲ್ಲಿ ಸುಮಾರು 500 ಮನೆ. ಇವತ್ತು ಉಳಿದಿರುವುದು 300ಕ್ಕೆ ಸ್ವಲ್ಪ ಜಾಸ್ತಿ.

ಈಗ ಆ ಮನೆಗಳನ್ನು ಮತ್ತೊಮ್ಮೆ ನೋಡಿ. ಬಣ್ಣ ಬಿಡಿ, ಆಕಾರ ನೋಡಿ. ಚೂಪಾದ ಮಾಡು, ಡೇರೆಯದು. ಮುಂದೆ ನಟ್ಟನಡುವೆ ಎರಡು ಕದದ ಬಾಗಿಲು, ಡೇರೆಯ ಬಟ್ಟೆ ಎರಡೂ ಬದಿಗೆ ಸರಿಸಿದಂತೆ ತೆರೆಯುತ್ತದೆ. ಬಾಗಿಲ ಅಕ್ಕಪಕ್ಕದ ಕಿರಿದಾದ ಕಮಾನು ಕಿಟಕಿಗಳು ಚರ್ಚಿನವು. ಗೋಡೆ ಅಂದರೆ ಒಂದಕ್ಕೊಂದು ಹಲ್ಲು ಕೂಡಿಸಿ ನಿಲ್ಲಿಸಿದ ಒಂದೇ ಸಾಲು ಹಲಗೆ. ಹೊರಗೆ ಕಾಣುವ ಹಲಗೆಯೇ ಒಳಗಿನ ಗೋಡೆ. ಒಳಗೆ ಕೆಮ್ಮಿದರೆ ಪಕ್ಕದ ಮನೆಗೆ ಕೇಳುತ್ತದೆ. ಮನೆಗಳು ಅಷ್ಟು ಒತ್ತೊತ್ತಾಗಿ ಇರುವುದಕ್ಕೂ ಕಾರಣ ಇದೆ. ಡೇರೆ ಇದ್ದ ಅಳತೆಯಲ್ಲೇ ಮನೆ ಎದ್ದಿತು. ನೆಲ ಆವತ್ತೂ ಅವರದಲ್ಲ, ಇವತ್ತೂ ಅವರದಲ್ಲ. ಮನೆ ಮಾತ್ರ ಕುಟುಂಬದ್ದು, ಅಡಿಯ ನೆಲ ಕ್ಯಾಂಪ್ ಮೀಟಿಂಗ್ ಸಂಘದ್ದು, ಗುತ್ತಿಗೆಯ ಮೇಲೆ. ಆ ಸಂಘ ಕಾಯಿದೆ ಪ್ರಕಾರ ನೋಂದಣಿ ಆದದ್ದು 1868ರಲ್ಲಿ. ನೀವು ನಡೆದಾಡುವ ಓಣಿಗಳೂ ಸಂಘದವೇ. ನಮ್ಮನ್ನು ಒಳಗೆ ಬಿಡುವುದು ಅವರ ದೊಡ್ಡತನ.

ಕೆಲವರು ನನಗೆ ಹೇಳಿದ್ದುಂಟು: ಆ ಕಾಲದಲ್ಲೂ ಜನ ಬಾಗಿಲು ತೆರೆದಿಟ್ಟೇ ಬದುಕುತ್ತಿದ್ದರಲ್ಲ, ದಾರಿಯಲ್ಲಿ ಹೋಗುವವರು ಒಳಗೆ ನೋಡಿ ಹೋಗುತ್ತಿದ್ದರಲ್ಲ, ಈಗ ನಾವು ನೋಡಿದರೆ ಏನು? ಮಾತು ನಿಜ. ಊಟದ ಮೇಜು, ಹಾಸಿಗೆ ಎಲ್ಲ ಬೀದಿಗೆ ಕಾಣುವ ಹಾಗೇ ಅವರು ಇರುತ್ತಿದ್ದರು. ಆದರೆ ಆ ದಾರಿಹೋಕರು ಜಗಲಿಯ ಹತ್ತಿರ ನಿಂತು ಮಾತಾಡಿಸುತ್ತಿದ್ದರು, ಸಂಜೆ ಅದೇ ಚಪ್ಪರದಡಿ ಪಕ್ಕದಲ್ಲಿ ಕೂತು ಹಾಡುತ್ತಿದ್ದರು. ನಾವು ಮಾತಾಡಿಸುತ್ತೇವಾ? ಹೋದ ಸಲ ಆ ಅಜ್ಜಿಗೆ ಒಬ್ಬರಾದರೂ 'ಗುಡ್ ಮಾರ್ನಿಂಗ್' ಅನ್ನಲಿಲ್ಲ.

ದೇವರ ಕೂಟ ಇದ್ದ ಕಡೆ ವ್ಯಾಪಾರ ಬರಲು ಎಷ್ಟು ಹೊತ್ತು? 1866ರಲ್ಲಿ ಓಕ್ ಬ್ಲಫ್ಸ್ ಲ್ಯಾಂಡ್ ಅಂಡ್ ವಾರ್ಫ್ ಕಂಪನಿ ಹುಟ್ಟಿತು. ಮುಂದಾಳು ಇರಾಸ್ಟಸ್ ಕಾರ್ಪೆಂಟರ್, ಹುಲ್ಲಿನ ಟೋಪಿ ಕಾರ್ಖಾನೆಯ ಧಣಿ. ಕ್ಯಾಂಪಿಗೂ ಸಮುದ್ರಕ್ಕೂ ನಡುವಿನ ಜಮೀನು ಕೊಂಡು, ಸೈಟು ಮಾಡಿ ಮಾರಲು ಕೂತರು. ರಾಬರ್ಟ್ ಮಾರಿಸ್ ಕೋಪ್ಲೆಂಡ್ ಎಂಬ ನಕ್ಷೆಗಾರರಿಂದ ಬಳಸು ರಸ್ತೆ, ಪಾರ್ಕುಗಳ ನಕ್ಷೆ ಬರೆಸಿದರು. ಹಡಗುಕಟ್ಟೆ, ಹೋಟೆಲು, ಸ್ನಾನದ ಮನೆ ಎಲ್ಲ ಬಂತು. ಕ್ಯಾಂಪಿನವರು ಗಾಬರಿಯಾದರು. ಮರುವರ್ಷ ತಮ್ಮ ಜಾಗದ ಸುತ್ತ ಏಳು ಅಡಿ ಎತ್ತರದ ಬೇಲಿ ಎಬ್ಬಿಸಿದರು. ಅದೂ ಸಾಲದು ಎಂದು ಕೆರೆಯ ಆಚೆಗಿನ ಗುಡ್ಡದ ಜಮೀನು ಹಿಡಿದರು, ಪ್ರಪಂಚ ತೀರಾ ಹತ್ತಿರ ಬಂದರೆ ಅಲ್ಲಿಗೆ ಹೋಗೋಣ ಅಂತ. ಆ ಗುಡ್ಡಕ್ಕೆ ಹೈಲ್ಯಾಂಡ್ಸ್ ಎಂದು ಹೆಸರು. ಕ್ಯಾಂಪಿನವರು ಹೋಗಲಿಲ್ಲ. 1870ರ ದಶಕದಲ್ಲಿ ಬ್ಯಾಪ್ಟಿಸ್ಟರು ಎಂಬ ಇನ್ನೊಂದು ಕ್ರೈಸ್ತ ಪಂಥದವರು ಬಂದು ಅಲ್ಲಿ ತಮ್ಮ ಕೂಟ ಶುರು ಮಾಡಿದರು. ಈ ಗುಡ್ಡವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೇಲಿಯಿಂದ ಏನೂ ಆಗಲಿಲ್ಲ ಬಿಡಿ. ಬೇಲಿಯ ಒಳಗಿನವರೂ ಸಮುದ್ರಸ್ನಾನಕ್ಕೆ ಹೋದರು, ಹೊರಗಿನವರೂ ಬೋಧನೆ ಕೇಳಲು ಬಂದರು. ನಾವೆಲ್ಲ ಹಾತೊರೆದು ನೋಡುವ ದೀಪೋತ್ಸವ, ಇಲ್ಯುಮಿನೇಷನ್ ನೈಟ್, 1869ರಲ್ಲಿ ಶುರು ಮಾಡಿದ್ದು ಆ ಕಂಪನಿಯವರೇ, ರಾಜ್ಯಪಾಲರು ಬರುತ್ತಾರೆಂದು. ಇವತ್ತು ಅದು ಕ್ಯಾಂಪಿನ ಸ್ವಂತ ಹಬ್ಬ. ಚೀನಾ, ಜಪಾನಿನ ಕಾಗದದ ಲಾಂದ್ರಗಳನ್ನು ಜಗಲಿಯ ತುಂಬ ತೂಗುಹಾಕುತ್ತಾರೆ. ಮೊದಲು ಟ್ಯಾಬರ್‌ನೇಕಲ್ಲಿನಲ್ಲಿ ಎಲ್ಲರೂ ಕೂಡಿ ಹಾಡುತ್ತಾರೆ. ಆಮೇಲೆ ಹಿರಿಯರೊಬ್ಬರು ಮೊದಲ ಲಾಂದ್ರ ಹಚ್ಚುತ್ತಾರೆ. ಅದಾದ ಮೇಲೆ ಮನೆಮನೆಯಲ್ಲೂ ಹಚ್ಚುತ್ತಾರೆ. 1874ರಲ್ಲಿ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಕೂಡ ಬಂದು ಇದನ್ನು ನೋಡಿದರು. ಆ ರಾತ್ರಿಗಳನ್ನು ಅವರು ಕಳೆದದ್ದು ಕ್ಯಾಂಪಿನೊಳಗಿನ ಬಿಷಪ್ ಗಿಲ್ಬರ್ಟ್ ಹೇವನ್ ಮನೆಯಲ್ಲಿ. ಹೇವನ್ ಗುಲಾಮಗಿರಿಯ ವಿರುದ್ಧ ಗಂಟಲು ಹರಿಯುವಂತೆ ಮಾತಾಡಿದವರು. ಕರಿಯರು-ಬಿಳಿಯರು ಮದುವೆಯಾದರೆ ಏನು ತಪ್ಪು ಎಂದು ಆ ಕಾಲದಲ್ಲೇ ಕೇಳಿದವರು. ಆ ಮನೆ ಇವತ್ತಿಗೂ ಅಲ್ಲೇ ಇದೆ. ಹೊರಗೆ, ರಸ್ತೆಯಲ್ಲಿ ನಿಂತು ನೋಡಿ.

ಟ್ಯಾಬರ್‌ನೇಕಲ್ ಬಗ್ಗೆ ಎರಡು ಮಾತು ಜಾಸ್ತಿಯೇ ಹೇಳುತ್ತೇನೆ. ಮೊದಲು ಅಲ್ಲಿ ಸಾವಿರಾರು ಜನ ಹಿಡಿಸುವ ದೊಡ್ಡ ಬಟ್ಟೆಯ ಡೇರೆ ಇತ್ತು. ಗಾಳಿ ಮಳೆಗೆ ಸಿಕ್ಕಿ ಹತ್ತು ವರ್ಷಕ್ಕೇ ಅದು ಹಣ್ಣಾಯಿತು. ಮರದಲ್ಲಿ ಕಟ್ಟೋಣ ಅಂದರೆ ಖರ್ಚು ಕೈಗೆ ಎಟಕಲಿಲ್ಲ. ಸ್ಪ್ರಿಂಗ್‌ಫೀಲ್ಡಿನ ಜಾನ್ ಹಾಯ್ಟ್ ಎಂಬುವರು ಕಬ್ಬಿಣದಲ್ಲಿ ಕಟ್ಟಿಕೊಡುತ್ತೇನೆ ಎಂದರು. 1879ರ ಬೇಸಿಗೆಗೆ ಮುಗಿಯಿತು. ಖರ್ಚು ಸುಮಾರು 7,000 ಡಾಲರ್. ಸುತ್ತ ಗೋಡೆ ಇಲ್ಲ. ತೆಳ್ಳಗಿನ ಕಬ್ಬಿಣದ ಕಂಬ, ಕಮಾನು, ಮೇಲೆ ತಗಡಿನ ಮಾಡು, ನಡುನಡುವೆ ಬಣ್ಣದ ಗಾಜು. ಬೆಳಗಿನ ಹೊತ್ತು ಮರದ ಬೆಂಚಿನ ಮೇಲೆ ಹತ್ತು ನಿಮಿಷ ಕೂತು ತಲೆ ಎತ್ತಿ ನೋಡಿ. ಒಂದು ಕಂಬದ ಕಬ್ಬಿಣ ಮುಟ್ಟಿ ನೋಡಿ, ಬಣ್ಣದ ಮೇಲೆ ಬಣ್ಣ ಬಳಿದು ಬಳಿದು ಮೊಳೆಯ ತಲೆಗಳೆಲ್ಲ ದುಂಡಗಾಗಿವೆ. ಇಷ್ಟು ಕಾಲ ಉಪ್ಪುಗಾಳಿಯಲ್ಲಿ ಕಬ್ಬಿಣ ನಿಲ್ಲಬೇಕಾದರೆ ಸುಮ್ಮನೆ ನಿಲ್ಲುವುದಿಲ್ಲ. ಪ್ರತಿ ಪೀಳಿಗೆಯೂ ದುಡ್ಡು ಕೂಡಿಸಿ ದುರಸ್ತಿ ಮಾಡಿಸಿದೆ. 2005ರಲ್ಲಿ ಇಡೀ ಕ್ಯಾಂಪ್‌ಗ್ರೌಂಡಿಗೆ ರಾಷ್ಟ್ರೀಯ ಐತಿಹಾಸಿಕ ತಾಣ ಎಂಬ ಮಾನ್ಯತೆ ಸಿಕ್ಕಿತು. ಭಾನುವಾರದ ಆರಾಧನೆ ಬೇಸಿಗೆಯಲ್ಲಿ ಈಗಲೂ ಅಲ್ಲೇ ನಡೆಯುತ್ತದೆ. ರೀಲ್ ಮಾಡಿದ್ದು ಎಲ್ಲಿ ಎಂದು ಈಗ ಗೊತ್ತಾಯಿತಲ್ಲ?

ಇಲ್ಲಿವರೆಗಿನದನ್ನು ಯಾವ ಗೈಡ್ ಬೇಕಾದರೂ ಹೇಳುತ್ತಾನೆ. ನನ್ನ ದೊಡ್ಡ ದೂರು ಇರುವುದು ಇದರ ಮುಂದೆ. ನಮ್ಮವರಲ್ಲಿ ಇತಿಹಾಸ ಹೇಳುವವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಅವರೂ 'ಬಿಳಿಯ ಪಾದ್ರಿಗಳು ಬಂದರು, ಡೇರೆ ಹಾಕಿದರು, ಮನೆ ಕಟ್ಟಿದರು' ಎಂದು ಮುಗಿಸುತ್ತಾರೆ. ದ್ವೀಪದ ಕ್ರೈಸ್ತ ಕಥೆ 1835ರಲ್ಲಿ ಶುರುವಾದದ್ದೇ ಅಲ್ಲ, ಬಿಳಿಯರದ್ದೊಂದೇ ಕಥೆಯೂ ಅಲ್ಲ.

ಈ ದ್ವೀಪ ಇಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ನೆಲ. ಅವರು ಇದನ್ನು ನೊಯೆಪೆ ಎನ್ನುತ್ತಿದ್ದರು. 1640ರ ದಶಕದಲ್ಲಿ ಥಾಮಸ್ ಮೇಹ್ಯೂ ಎಂಬ ಯುವಕ ಬೋಧಕನ ಮಾತು ಕೇಳಿ ಹಯಾಕೂಮ್ಸ್ ಎಂಬ ವಾಂಪನೋಗ್ ವ್ಯಕ್ತಿ ಕ್ರೈಸ್ತನಾದ. ಓದು ಕಲಿತು ತನ್ನವರಿಗೆ ತಾನೇ ಬೋಧಿಸಿದ. ದ್ವೀಪದ ಪಶ್ಚಿಮ ತುದಿಯ ಅಕ್ವಿನಾದಲ್ಲಿ ಆ ಜನರ ಬ್ಯಾಪ್ಟಿಸ್ಟ್ ಚರ್ಚು ಈಗಲೂ ಇದೆ. ಅದರ ಬೇರು 1693ಕ್ಕೆ ಹೋಗುತ್ತದೆ. ಈ ಬುಡಕಟ್ಟಿಗೆ ಅಮೆರಿಕ ಸರ್ಕಾರದ ಮಾನ್ಯತೆ ಸಿಕ್ಕಿದ್ದು ಮಾತ್ರ 1987ರಲ್ಲಿ. ಅಕ್ವಿನಾದ ಬಣ್ಣದ ಮಣ್ಣಿನ ಬಂಡೆ ನೋಡಲು ನಮ್ಮ ಬಸ್ಸು ತಪ್ಪದೆ ಹೋಗುತ್ತದೆ. ಅದು ಯಾರ ಊರು ಎಂದು ಬಸ್ಸಿನಲ್ಲಿ ಯಾರೂ ಹೇಳುವುದಿಲ್ಲ.

ಮೆಥೋಡಿಸ್ಟ್ ಬೋಧನೆಯನ್ನು ಈ ದ್ವೀಪಕ್ಕೆ ಮೊದಲು ತಂದವರು ಎಂದು ಹೇಳುವುದು ಜಾನ್ ಸಾಂಡರ್ಸ್ ಅವರನ್ನು. ವರ್ಜೀನಿಯಾದಲ್ಲಿ ಗುಲಾಮನಾಗಿ ಹುಟ್ಟಿದ ಕಪ್ಪು ಮನುಷ್ಯ. 1787ರಲ್ಲಿ ಹೆಂಡತಿಯ ಜೊತೆ ಹಡಗಿನ ಸರಕಿನ ನಡುವೆ ಅಡಗಿ ಇಲ್ಲಿಗೆ ಬಂದರು ಎಂಬ ಕಥೆ ಅವರ ವಂಶದಲ್ಲಿ ಉಳಿದಿದೆ. ಈಗಿನ ಓಕ್ ಬ್ಲಫ್ಸ್ ಸುತ್ತಲಿನ ಬಯಲಿನಲ್ಲಿ ಒಂದು ಬಂಡೆಯ ಮೇಲೆ ನಿಂತು ತನ್ನಂಥ ಜನಕ್ಕೆ ಬೋಧಿಸುತ್ತಿದ್ದರು. ಆ ಬಂಡೆಗೆ ಪಲ್ಪಿಟ್ ರಾಕ್ ಅನ್ನುತ್ತಾರೆ. ಪೀಸ್ ಅವರ ಒಂಬತ್ತು ಡೇರೆ ಏಳಲು ಆಗಿನ್ನೂ ಸುಮಾರು ಐವತ್ತು ವರ್ಷ ಬಾಕಿ ಇತ್ತು.

ಇನ್ನು ಆ ಗುಡ್ಡ. ಚಾರ್ಲ್ಸ್ ಶಿಯರರ್ ಕೂಡ ವರ್ಜೀನಿಯಾದಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿದವರು. ಹ್ಯಾಂಪ್ಟನ್ ಸಂಸ್ಥೆಯಲ್ಲಿ ಓದಿ, ಅಲ್ಲೇ ಮೇಷ್ಟರಾಗಿ, ಆಮೇಲೆ ಬಾಸ್ಟನ್ ಕಡೆ ಬಂದು ನೆಲೆಸಿದರು. ಬ್ಯಾಪ್ಟಿಸ್ಟ್ ಕೂಟಕ್ಕೆಂದು ದ್ವೀಪಕ್ಕೆ ಬರುತ್ತಿದ್ದ ಶಿಯರರ್ ದಂಪತಿ 1903ರಲ್ಲಿ ಹೈಲ್ಯಾಂಡ್ಸಿನಲ್ಲಿ ಜಾಗ ಕೊಂಡರು. ಹೆಂಡತಿ ಹೆನ್ರಿಯೆಟ್ಟಾ ಅಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಕೆಲಸ ಶುರು ಮಾಡಿದರು. ಬೇಸಿಗೆಗೆ ಬರುವ ಬಿಳಿಯರ ಬಟ್ಟೆ. ಆ ಬಟ್ಟೆ ಕುದುರೆ ಗಾಡಿಯಲ್ಲಿ ಅವರವರ ಮನೆ ಬಾಗಿಲಿಗೆ ಹೋಗುತ್ತಿತ್ತು. ಅದೇ ಊರಿನ ಹೋಟೆಲುಗಳಲ್ಲಿ ಮಾತ್ರ ಕಪ್ಪು ಜನಕ್ಕೆ ರೂಮು ಇಲ್ಲ. 1912ರಲ್ಲಿ ಶಿಯರರ್ ದಂಪತಿ ತಾವೇ ವಸತಿಮನೆ ತೆರೆದರು. ಶಿಯರರ್ ಕಾಟೇಜ್. ಸಂಗೀತಗಾರ ಹ್ಯಾರಿ ಬರ್ಲಿ, ಗಾಯಕ ಪಾಲ್ ರಾಬ್ಸನ್, ನ್ಯೂಯಾರ್ಕಿನ ದೊಡ್ಡ ಬೋಧಕ ಆಡಂ ಕ್ಲೇಟನ್ ಪವೆಲ್ ಇಂಥವರೆಲ್ಲ ಬಂದು ಇಳಿದುಕೊಂಡ ಮನೆ ಅದು. ಇಂದಿಗೂ ಆ ಕುಟುಂಬದವರೇ ನಡೆಸುತ್ತಾರೆ. ಓಕ್ ಬ್ಲಫ್ಸ್ ಕಪ್ಪು ಅಮೆರಿಕನ್ನರ ಅಚ್ಚುಮೆಚ್ಚಿನ ಬೇಸಿಗೆ ಊರಾಗಿ ಬೆಳೆದದ್ದಕ್ಕೆ ಈ ಮನೆಯ ಪಾಲು ದೊಡ್ಡದು. 1956ರಲ್ಲಿ ಅಲ್ಲಿನ ಕಪ್ಪು ಮನೆಯೊಡತಿಯರು ಕಾಟೇಜರ್ಸ್ ಎಂಬ ಸಂಘ ಕಟ್ಟಿ ದಾನಧರ್ಮದ ಕೆಲಸಕ್ಕೆ ಇಳಿದರು. ಅದೂ ಈಗಲೂ ಇದೆ.

ಬಿಷಪ್ ಹೇವನ್ ಮನೆಯಿಂದ ಶಿಯರರ್ ಕಾಟೇಜಿಗೆ ನಡೆದರೆ ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಸಮಾನತೆ ಬೋಧಿಸಿದವರ ಮನೆ ಇಲ್ಲಿ, ಕೋಣೆ ಸಿಗದವರು ಕಟ್ಟಿಕೊಂಡ ಮನೆ ಅಲ್ಲಿ. ಈ ಎರಡನ್ನೂ ಒಂದೇ ದಿನ ನಮ್ಮ ಮಕ್ಕಳಿಗೆ ತೋರಿಸದೆ ಇನ್ನೇನು ತೋರಿಸುತ್ತೀರಿ? ಊರಲ್ಲಿ ಯಾವ ಬಾವಿ ಯಾರಿಗೆ, ಯಾವ ಗುಡಿ ಯಾರಿಗೆ ಎಂಬ ಲೆಕ್ಕ ಇಟ್ಟುಕೊಂಡು ಬೆಳೆದವರು ನಾವು. ಈ ಕಥೆ ನಮಗೆ ಬೇಗ ಅರ್ಥವಾಗಬೇಕು. ಅದಕ್ಕೇ ನಾವು ಅದರ ಪಕ್ಕದಲ್ಲೇ ಹಾದು ಹೋಗುತ್ತೇವೇನೋ ಎಂದು ಒಮ್ಮೊಮ್ಮೆ ಅನುಮಾನ ಬರುತ್ತದೆ.

ಇಷ್ಟು ಹೇಳಿದ ಮೇಲೆ ಕೇಳಿಕೊಳ್ಳುವುದನ್ನು ಕೇಳಿಬಿಡುತ್ತೇನೆ.

ಪದಾಧಿಕಾರಿಗಳೇ, ಓಕ್ ಬ್ಲಫ್ಸಿಗೆ ಅರ್ಧ ದಿನ ಕೊಡಿ. ವುಡ್ಸ್ ಹೋಲ್‌ನಿಂದ ದ್ವೀಪಕ್ಕೆ ಹಡಗು 45 ನಿಮಿಷ ತೆಗೆದುಕೊಳ್ಳುತ್ತದೆ. ದಾಟಲು ಹಿಡಿಯುವ ಹೊತ್ತನ್ನೇ ನೋಡಲೂ ಕೊಟ್ಟರೆ ಹೇಗೆ? ಹೊತ್ತು ಸಾಲದಿದ್ದರೆ ಅಂಗಡಿ ಬೀದಿಯ ಒಂದು ಗಂಟೆ ಕತ್ತರಿಸಿ. ಕ್ಯಾಂಪಿನೊಳಗೆ ಒಂದು ಕಾಟೇಜ್ ಮ್ಯೂಸಿಯಂ ಇದೆ. ಮನೆ ಒಳಗೆ ಹೇಗಿರುತ್ತದೆ ಎಂಬ ಕುತೂಹಲ ಇರುವವರೆಲ್ಲ ಟಿಕೆಟ್ ಕೊಂಡು ಅಲ್ಲಿ ನೋಡಲಿ. ಇರುವ ಮನೆಗಳ ಗಾಜಿಗೆ ಮುಖ ಒತ್ತುವ ಅಗತ್ಯವೇ ಬೀಳುವುದಿಲ್ಲ. ಹೈಲ್ಯಾಂಡ್ಸಿಗೆ ನಡೆಯಲಾಗದ ಹಿರಿಯರಿದ್ದರೆ ಬಸ್ಸನ್ನೇ ಆ ಕಡೆ ತಿರುಗಿಸಿ. ದ್ವೀಪದ ಆಫ್ರಿಕನ್ ಅಮೆರಿಕನ್ ಹೆರಿಟೇಜ್ ಟ್ರೇಲ್‌ನವರು ಈ ತಾಣಗಳಿಗೆ ಫಲಕ ಹಾಕಿದ್ದಾರೆ. ಅದನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿ.

ಇಲ್ಯುಮಿನೇಷನ್ ನೈಟ್‌ಗೆ ಎರಡೆರಡು ಬಸ್ಸು ತುಂಬಿಕೊಂಡು ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಓಣಿ ಕಿರಿದು, ಮನೆ ಮರದ್ದು, ಜನ ಮೊದಲೇ ಕಿಕ್ಕಿರಿದಿರುತ್ತಾರೆ. ಹೋಗಲೇಬೇಕೆಂದರೆ ಹಾಡಿನ ಹೊತ್ತಿಗೇ ಹೋಗಿ, ಬೆಂಚಿನ ಮೇಲೆ ಕೂತು ಅವರ ಜೊತೆ ಹಾಡಿ. ಯಾರ ದೇವರು ಎಂದು ಯಾರೂ ಕೇಳುವುದಿಲ್ಲ. ಬುಧವಾರಗಳಲ್ಲೂ ಬೇಸಿಗೆಯಲ್ಲಿ ಅಲ್ಲಿ ಸಂಜೆ ಎಲ್ಲರೂ ಕೂಡಿ ಹಾಡುವುದಿದೆ. ನನ್ನನ್ನು ಕೇಳಿದರೆ ದೀಪದ ರಾತ್ರಿಗಿಂತ ಅದೇ ಚೆನ್ನಾಗಿರುತ್ತದೆ. ಗದ್ದಲ ಇಲ್ಲ, ಪಕ್ಕದವರು ಹಾಡಿನ ಪುಸ್ತಕ ಕೈಗೆ ಕೊಡುತ್ತಾರೆ.

ಬಂಧುಗಳೇ, ಫೋಟೋ ಬೇಡ ಎನ್ನುತ್ತಿಲ್ಲ. ರಸ್ತೆಯಲ್ಲಿ ನಿಂತು ಎಷ್ಟು ಬೇಕೋ ತೆಗೆಯಿರಿ. ಜಗಲಿಯಲ್ಲಿ ಯಾರಾದರೂ ಕೂತಿದ್ದರೆ ಮೊದಲು ಮಾತಾಡಿಸಿ, ಆಮೇಲೆ ಕೇಳಿ. ಹತ್ತರಲ್ಲಿ ಎಂಟು ಜನ ನಗುತ್ತಾ ಹೂಂ ಅನ್ನುತ್ತಾರೆ, ಮನೆ ಯಾವ ವರ್ಷದ್ದು, ಬಣ್ಣ ಯಾರು ಬಳಿದದ್ದು ಎಂದು ಅರ್ಧ ಗಂಟೆ ಹೇಳುತ್ತಾರೆ. ಡ್ರೋನ್ ದಯವಿಟ್ಟು ಮನೆಯಲ್ಲೇ ಇರಲಿ. ಮಕ್ಕಳಿಗೆ ಬೇಸರವಾದರೆ ಪಕ್ಕದಲ್ಲೇ ಫ್ಲೈಯಿಂಗ್ ಹಾರ್ಸಸ್ ಇದೆ, 1876ರಲ್ಲಿ ಮಾಡಿದ ಮರದ ಕುದುರೆಗಳ ತಿರುಗುವ ಆಟ. ಅಲ್ಲಿ ಎಷ್ಟು ಕೂಗಿದರೂ ಯಾರೂ ಏನೂ ಅನ್ನುವುದಿಲ್ಲ.

ಮುಂದಿನ ಬೇಸಿಗೆಯ ಪಟ್ಟಿ ಮಾಡುವಾಗ ನನಗೊಂದು ಮಾತು ಹೇಳಿ ಕಳಿಸಿ. ಪೀಸ್, ಸಾಂಡರ್ಸ್, ಹಯಾಕೂಮ್ಸ್, ಶಿಯರರ್ ನಾಲ್ವರೂ ಇರುವ ಒಂದು ಪುಟದ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆದುಕೊಡುತ್ತೇನೆ, ಕಾಸು ಬೇಡ. ಹಡಗು ಹತ್ತುವ ಮುಂಚೆ, ಬಸ್ಸಿನಲ್ಲೇ, ತಿಂಡಿ ಪೊಟ್ಟಣದ ಜೊತೆ ಹಂಚಿ. ಅಂತ್ಯಾಕ್ಷರಿ ಶುರುವಾದ ಮೇಲೆ ಯಾರೂ ಓದುವುದಿಲ್ಲ.

ಇಂತಿ ನಿಮ್ಮವಳೇ ಆದ,
ಬೀದರಿನಿಂದ ಬಂದು ಬಾಸ್ಟನ್ ಹತ್ತಿರ ನೆಲೆಸಿರುವ ಒಬ್ಬ ಕನ್ನಡತಿ